ಮಂಗೋಲಿಯಾದವರ ಬೆಳ್ಳಿ ಬಟ್ಟಲು

ನನ್ನ ಗಂಡನಿಗೆ ಮ್ಯೂಸಿಯಂ ಅಂದರೆ ಪ್ರಾಣ, ನನಗೆ ಕಾಲುನೋವು. ಮದುವೆಯಾದ ಲಾಗಾಯ್ತು ನೋಡುತ್ತಿದ್ದೇನೆ, ಯಾವ ಗಾಜಿನ ಪೆಟ್ಟಿಗೆ ಮುಂದೆ ನಿಂತರೂ ಇವರು ಅಲ್ಲಿ ಬರೆದು ಅಂಟಿಸಿದ್ದನ್ನು ಮೊದಲಿಂದ ಕೊನೆತನಕ ಗಟ್ಟಿಯಾಗಿ ಓದಲೇಬೇಕು. ಓದಿ ಮುಗಿದ ಮೇಲೆ ಅದರ ಅರ್ಥ ಬೇರೆ ಹೇಳಬೇಕು. ಅಕ್ಕಪಕ್ಕ ನಿಂತವರಿಗೆಲ್ಲ ಪುಕ್ಕಟೆ ಪಾಠ. ಮಣಿಪಾಲದಲ್ಲಿ ಕಲಿತು, ಮಲೇಷ್ಯಾಕ್ಕೆ ಬಂದು, ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿ ಮಾಡಿ ಅಂಟಿಕೊಂಡ ರೋಗ ಅದು. ನಾನೂ ಇಲ್ಲೇ ಹತ್ತಿರದ ನಿಲಾಯ್ ಊರಿನ ಕಾಲೇಜಿನಲ್ಲಿ ಪಾಠ ಮಾಡುವವಳೇ, ಆದರೆ ಕ್ಲಾಸು ಬಿಟ್ಟ ಮೇಲೆ ಬಾಯಿ ಮುಚ್ಚಿಕೊಂಡು ಇರುತ್ತೇನೆ.

ನಮಗೆ ಒಬ್ಬಳೇ ಮಗಳು. ನಮ್ಮ ಮನೆಯಿರುವ ಸುಬಾಂಗ್ ಜಯಾದಲ್ಲೇ ಬೆಳೆದವಳು. ಕನ್ನಡದಲ್ಲಿ ಏನು ಬೈದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನನ್ನು ಇಷ್ಟಪಟ್ಟಳು. ಹುಡುಗ ಮಂಗೋಲಿಯಾದವನು, ಉಲಾನ್‌ಬಾತರ್‌ನಿಂದ ಓದಲು ಬಂದವನು. ಮೆಲ್ಲಗೆ ಮಾತಾಡುತ್ತಾನೆ, ನಾವು ಕೂರುವ ತನಕ ಕೂರುವುದಿಲ್ಲ. ಹೋದ ವರ್ಷ ಮಗಳು ಅವನ ಊರಿಗೂ ಹೋಗಿಬಂದಳು. ಅಲ್ಲಿಯ ಮ್ಯೂಸಿಯಂ, ಗ್ಯಾಲರಿ ಒಂದನ್ನೂ ಬಿಡಲಿಲ್ಲ. ಕುದುರೆ ತಲೆ ಕೆತ್ತಿದ ಪಿಟೀಲು, ರೇಷ್ಮೆ ತುಂಡು ಹೊಲಿದು ಮಾಡಿದ ದೇವರ ಚಿತ್ರ, ಜೀನು, ನಿಲುವಂಗಿ, ಒಂದೊಂದರ ಫೋಟೋವನ್ನೂ ನಮ್ಮ ವಾಟ್ಸ್ಆಪ್ ಗ್ರೂಪಿಗೆ ಹಾಕುತ್ತಿದ್ದಳು. ನಾನು ಏನಾದರೂ ಕೇಳುತ್ತಿದ್ದೆ. ಇವರು ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ಮದುವೆಗೆ ಬೇಡ ಅಂತ ಒಂದು ದಿನವೂ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ.

ಈ ವರ್ಷ ಪೆಟಾಲಿಂಗ್ ಜಯಾದಲ್ಲಿ ಅವಳು ಕೆಲಸ ಮಾಡುವ ಗ್ಯಾಲರಿಗೆ ಮಂಗೋಲಿಯಾದ ಕಲೆ, ಚರಿತ್ರೆಯ ಪ್ರದರ್ಶನ ಬಂತು. ಹುಡುಗನ ತಾಯಿ ಅಲ್ಲಿಯ ಮ್ಯೂಸಿಯಂ ಒಂದರಲ್ಲಿ ಹಳೇ ಬಟ್ಟೆ, ಕಂಬಳಿ ರಿಪೇರಿ ಮಾಡುವವಳು. ಸಾಮಾನಿನ ಜೊತೆ ಅವಳೂ ಬಂದಳು. ಮಗಳಿಗೆ ಇದ್ದದ್ದು ಒಂದೇ ಆಸೆ. ಗ್ಯಾಲರಿಯ ನಡುವೆ ಅವರ ಪದ್ಧತಿಯ ಒಂದು ದುಂಡು ಡೇರೆ ಕಟ್ಟಿದ್ದರು. ಅದರೊಳಗೆ ಎರಡೂ ಮನೆಯವರು ಕೂರಬೇಕು, ಹುಡುಗನ ತಾಯಿ ಬೆಳ್ಳಿ ಬಟ್ಟಲಲ್ಲಿ ಕೊಡುವ ಹಾಲಿನ ಚಾವನ್ನು ಎಲ್ಲರೂ ಅದೇ ಬಟ್ಟಲಿನಿಂದ ಕುಡಿಯಬೇಕು. ಅಷ್ಟಾದರೆ ನನಗೆ ಮದುವೆ ಆದ ಹಾಗೇ, ಉಳಿದದ್ದು ಬರೀ ರಿಜಿಸ್ಟ್ರಿ ಅಂದಳು.

ಭಾನುವಾರ ಹೋದೆವು. ನಾನು ಒಳ್ಳೇ ಸೀರೆ ಉಟ್ಟಿದ್ದೆ. ಇಷ್ಟು ವರ್ಷದಲ್ಲಿ ಅದೊಂದು ಮ್ಯೂಸಿಯಂ ನನಗೆ ನಿಜವಾಗಿ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಒಂದು ಗೋಡೆ ತುಂಬ ದೊಡ್ಡ ಚಿತ್ರ. ಅದರಲ್ಲಿ ಹತ್ತಿರ, ದೂರ ಅಂತ ಇಲ್ಲವೇ ಇಲ್ಲ. ಒಂದು ಮೂಲೆಯಲ್ಲಿ ಕುರಿ ಉಣ್ಣೆ ಕತ್ತರಿಸುತ್ತಿದ್ದಾರೆ, ಇನ್ನೊಂದು ಮೂಲೆಯಲ್ಲಿ ಹೆಣ್ಣು ಕುದುರೆಯ ಹಾಲು ಕರೆಯುತ್ತಿದ್ದಾರೆ, ನಡುವೆ ಇಬ್ಬರು ಗಂಡಸರು ಕುಡಿದು ಹೊಡೆದಾಡುತ್ತಿದ್ದಾರೆ, ಅವರ ಪಕ್ಕದಲ್ಲೇ ಒಬ್ಬಳು ಹೆಂಗಸು ಹೆರುತ್ತಿದ್ದಾಳೆ. ತಾರಸಿ ಮೇಲೆ ನಿಂತು ಇಡೀ ಕೇರಿ ನೋಡಿದ ಹಾಗೆ ಇತ್ತು. ನಾನು ನೋಡುತ್ತಾ ನಿಂತುಬಿಟ್ಟೆ. ಮಗಳು ಬಂದು ಕೈ ಹಿಡಿದು, ಇದು ನಿನಗೆ ಇಷ್ಟವಾಗುತ್ತದೆ ಅಂತ ಗೊತ್ತಿತ್ತು ಅಂದಳು.

ಇವರು ಎಂದಿನಂತೆ ಓದುತ್ತಾ ಬಂದರು. ಬೆಳ್ಳಿ ಬಟ್ಟಲುಗಳ ಪೆಟ್ಟಿಗೆ ಬಂತು. ಅದರ ಬರಹವನ್ನೂ ಗಟ್ಟಿಯಾಗಿ ಓದಿದರು: ಅತಿಥಿ ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಳ್ಳಬೇಕು, ಕುಡಿಯಲು ಮನಸ್ಸಿಲ್ಲದಿದ್ದರೂ ತುಟಿಗೆ ಮುಟ್ಟಿಸಿ ವಾಪಸು ಕೊಡಬೇಕು, ತುಟಿಗೆ ಮುಟ್ಟಿಸದಿದ್ದರೆ ಆ ಮನೆಯನ್ನೇ ಬೇಡ ಅಂದ ಹಾಗೆ. ಎಂದೂ ಇಲ್ಲದ್ದು, ಅದಕ್ಕೊಂದು ಅರ್ಥ ಹೇಳಲಿಲ್ಲ. ಹೌದಾ ಅಂತ ಹೇಳಿ ಮುಂದಿನ ಪೆಟ್ಟಿಗೆಗೆ ಹೋದರು.

ಡೇರೆಯ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಹೊಸ್ತಿಲು ತುಳಿಯಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ, ನಾನು ಸೀರೆ ಎತ್ತಿಕೊಂಡು ದಾಟಿದೆ. ಹುಡುಗನ ತಾಯಿ ಅದನ್ನೇ ನೋಡುತ್ತಿದ್ದಳು. ಮಗನ ಹತ್ತಿರ ಏನೋ ಹೇಳಿ ನಕ್ಕಳು. ನಮ್ಮ ಪದ್ಧತಿ ನಿಮಗೆ ಗೊತ್ತುಂಟು ಅನ್ನುತ್ತಿದ್ದಾಳೆ ಅಂತ ಹುಡುಗ ಹೇಳಿದ. ನನಗೆ ಆಗ ಎಷ್ಟು ಖುಷಿಯಾಯಿತು ಅಂದರೆ, ಅವಳ ಪಕ್ಕದಲ್ಲೇ ಹೋಗಿ ಕೂತೆ.

ಅವಳು ನೀಲಿ ರೇಷ್ಮೆ ವಸ್ತ್ರದ ಮೇಲೆ ಬಟ್ಟಲಿಟ್ಟು ಎರಡೂ ಕೈಯಲ್ಲಿ ತಂದಳು. ಪ್ರದರ್ಶನದ್ದಲ್ಲ, ಅವಳ ಅತ್ತೆಯದು. ಉಪ್ಪು ಹಾಕಿದ ಹಾಲಿನ ಚಾ, ಹಬೆ ಆಡುತ್ತಿತ್ತು. ಮೊದಲು ತಾನು ಒಂದು ಗುಟುಕು ಕುಡಿದು, ಮತ್ತೆ ತುಂಬಿಸಿ ಇವರಿಗೆ ಕೊಟ್ಟಳು. ಇವರು ಬಲಗೈಯಲ್ಲೇ ತೆಗೆದುಕೊಂಡರು. ತೆಗೆದುಕೊಂಡವರು ತಲೆ ಹಿಂದಕ್ಕೆ ಹಾಕಿ, ಬಟ್ಟಲನ್ನು ಮೇಲೆತ್ತಿ, ಮಠದ ಪಂಕ್ತಿಯಲ್ಲಿ ಕೂತವರ ಹಾಗೆ ಎತ್ತರದಿಂದ ಬಾಯಿಗೆ ಒಂದು ಚೂರು ಹೊಯ್ದುಕೊಂಡರು. ಬಟ್ಟಲನ್ನು ಅವಳ ಕೈಗೇ ವಾಪಸು ಕೊಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು.

"ತಪ್ಪು ತಿಳಿಯಬೇಡಿ. ಬೇರೆಯವರು ಕಚ್ಚಿ ಕುಡಿದ ಪಾತ್ರೆಗೆ ನಾವು ಬಾಯಿ ಹಚ್ಚುವುದಿಲ್ಲ, ನಮ್ಮಲ್ಲಿ ಅದು ಎಂಜಲು. ನಾನಾದರೂ ಹೀಗೆ ಸುಧಾರಿಸುತ್ತೇನೆ. ನನ್ನ ಹೆಂಡತಿ ಮುಟ್ಟುವುದೇ ಇಲ್ಲ."

ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಹುಡುಗ ತಲೆ ತಗ್ಗಿಸಿ ತಾಯಿಗೆ ಅದನ್ನು ತನ್ನ ಭಾಷೆಯಲ್ಲಿ ಹೇಳಿದ. ಅವಳು ಸಿಟ್ಟು ಮಾಡಲಿಲ್ಲ. ನನ್ನನ್ನು ಒಮ್ಮೆ ನೋಡಿ, ನಮಸ್ಕಾರ ಮಾಡುವ ಹಾಗೆ ತಲೆ ಬಾಗಿಸಿ, ನನ್ನನ್ನು ದಾಟಿಸಿ ಬಟ್ಟಲನ್ನು ನನ್ನ ಮಗಳಿಗೆ ಕೊಟ್ಟಳು. ಅಲ್ಲೇ ಬಾಯಿ ಬಿಡಬಹುದಿತ್ತಲ್ಲ ಅಂತ ಕೇಳುವವರು ಕೇಳಲಿ. ಸಂಬಂಧ ಮಾತಾಡಲು ಕೂತ ಜಾಗದಲ್ಲಿ, ಬೀಗಿತ್ತಿಯ ಮುಂದೆ, ಕಟ್ಟಿಕೊಂಡ ಗಂಡನನ್ನು ಸುಳ್ಳುಗಾರ ಅಂತ ಕರೆಯುವುದು ಹೇಗೆ ಅಂತ ಅವರೇ ಹೇಳಿಕೊಡಲಿ.

ಎಂಜಲಂತೆ, ಎಂಜಲು. ದಿನಾ ಸಂಜೆ ಕಾಲೇಜು ಬಿಟ್ಟು ರಸ್ತೆ ಬದಿಯ ಮಾಮಕ್ ಚಾದಂಗಡಿಯಲ್ಲಿ ಕೂತು, ಒಂದೇ ಬಕೆಟಿನ ನೀರಲ್ಲಿ ಅದ್ದಿ ತೆಗೆದ ಗ್ಲಾಸಿನಲ್ಲಿ ಚಾ ಹೀರುವ ಮನುಷ್ಯ ಇವರು. ಮಗಳು ಅರ್ಧ ಕುಡಿದು ಬಿಟ್ಟದ್ದನ್ನೂ ಹೀರಿ ಮುಗಿಸುತ್ತಾರೆ. ಆಚಾರ ಹೇಳೋಕೆ, ಬದನೇಕಾಯಿ ತಿನ್ನೋಕೆ. ಮಡಿ ಅಂತ ಏನಾದರೂ ನಮ್ಮ ಮನೆಯಲ್ಲಿ ಉಳಿದಿದ್ದರೆ ಅದು ಹಬ್ಬದ ದಿನ ನಾನು ಮಿಂದು ಅಡುಗೆ ಮಾಡುವುದು, ಅಷ್ಟೇ. ಅದನ್ನು ಮಗಳು ಸಣ್ಣವಳಿದ್ದಾಗಿನಿಂದ ನೋಡಿದ್ದಾಳೆ. ಹಾಗಾಗಿ ಇವರು ನನ್ನ ಮೇಲೆ ಹೊರಿಸಿದ ಮಾತು ಅವಳಿಗೆ ನಿಜವೇ ಅನ್ನಿಸಿತು.

ವಾಪಸು ಬರುವಾಗ ಕಾರಿನಲ್ಲಿ ನಾನು ಬಿಡಲಿಲ್ಲ. ಬರೆದದ್ದನ್ನು ಓದಿಯೂ ಹಾಗೆ ಮಾಡಿದ್ದು ಯಾಕೆ ಅಂತ ಕೇಳಿದೆ. ಓದಿದ್ದರಿಂದಲೇ ಅಂದರು. "ನಾನೇನು ಬೇಡ ಅಂದೆನಾ? ಎಂಥ ಮನೆ ಅಂತ ಅವರಿಗೆ ಗೊತ್ತಾಗಲಿ. ತಾವೇ ಹಿಂದೆ ಸರಿಯುತ್ತಾರೆ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸರಿ, ಅದರಲ್ಲಿ ನನ್ನನ್ನು ಯಾಕೆ ಎಳೆದಿರಿ ಅಂದೆ. ನೀನು ತಾಯಿ, ನಿನ್ನ ಮೇಲೆ ಅವಳು ಜಾಸ್ತಿ ದಿನ ಸಿಟ್ಟು ಇಟ್ಟುಕೊಳ್ಳುವುದಿಲ್ಲ ಅಂದರು. ದಾರಿಯಲ್ಲಿ ಕಾರು ನಿಲ್ಲಿಸಿ ಚಾ ಕುಡಿದರು, ರಾತ್ರಿಗೆ ರೊಟ್ಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬಂದರು. ನಾನು ಕಾರಿನಿಂದ ಇಳಿಯಲಿಲ್ಲ.

ಯಾರೂ ಹಿಂದೆ ಸರಿಯಲಿಲ್ಲ, ಅದು ಬೇರೆ ಮಾತು. ರಿಜಿಸ್ಟ್ರಿಗೆ ದಿನ ಗೊತ್ತುಮಾಡಿದರು ಅಂತ ಹುಡುಗನೇ ಫೋನ್ ಮಾಡಿ ತಿಳಿಸಿದ. ಮಗಳು ಪೆಟಾಲಿಂಗ್ ಜಯಾದ ತನ್ನ ರೂಮಿನಿಂದ ಮನೆಗೆ ಬರುವುದನ್ನೇ ಬಿಟ್ಟಳು. ನಾನು ಫೋನ್ ಮಾಡಿ, ಹಾಗೆಲ್ಲ ನಾನು ಎಂದೂ ಹೇಳಿದವಳಲ್ಲ, ನಾನು ಕೈ ಚಾಚಿದ್ದೆ ಅಂದೆ. ತಾನು ನೋಡಲಿಲ್ಲ ಅಂದಳು. ಆಮೇಲೆ, ಅಪ್ಪ ಆಗಲೇ ಮೆಸೇಜ್ ಕಳಿಸಿದ್ದಾರೆ, ನಿನ್ನ ಪರವಾಗಿ ಕ್ಷಮೆ ಕೇಳಿದ್ದಾರೆ ಅಂದಳು. ನಾನು ಮಾಡದ ತಪ್ಪಿಗೆ ನನ್ನ ಪರವಾಗಿ ಕ್ಷಮೆ, ನೋಡಿ ಮಾರಾಯ್ರೇ.

ಪ್ರದರ್ಶನ ಮುಗಿಯುವ ವಾರ ನಾನು ಅರ್ಧ ದಿನ ರಜೆ ಹಾಕಿ, ಇವರಿಗೆ ಹೇಳದೆ, ಎಲ್‌ಆರ್‌ಟಿ ರೈಲು ಹತ್ತಿ ಗ್ಯಾಲರಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದು ಅಂತ ಕಾಯಿ ಬರ್ಫಿ ಮಾಡಿಕೊಂಡು ಹೋಗಿದ್ದೆ. ನನಗೆ ಬೇಕಾದದ್ದು ಇಷ್ಟೇ: ಆ ಹೆಂಗಸಿನ ಎದುರು ಕೂತು, ಮಗಳು ನೋಡುತ್ತಿರುವಾಗಲೇ, ಆ ಬಟ್ಟಲಿಗೆ ಬಾಯಿ ಹಚ್ಚಿ ಕುಡಿಯುವುದು. ಮಾತಿನಲ್ಲಿ ಆಗದ್ದು ಅದರಲ್ಲಿ ಆಗುತ್ತದೆ ಅಂದುಕೊಂಡಿದ್ದೆ.

ಹುಡುಗನ ತಾಯಿ ನನ್ನನ್ನು ಕಂಡು ಎದ್ದು ಬಂದಳು. ಕೈ ಹಿಡಿದು ಡೇರೆಯೊಳಗೆ ಕರೆದುಕೊಂಡು ಹೋದಳು. ಬರ್ಫಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಚ್ಚಿ ತಿಂದು, ಅದೇ ತುಂಡಿನ ಉಳಿದರ್ಧವನ್ನು ನನ್ನ ಮಗಳ ಬಾಯಿಗೆ ಇಟ್ಟಳು. ಆಮೇಲೆ ಚಾ ಬಂತು. ಬಟ್ಟಲು ಅವಳಿಂದ ಮಗಳಿಗೆ, ಮಗಳಿಂದ ಮತ್ತೆ ಅವಳಿಗೆ ಹೋಯಿತು. ಈಗ ನನ್ನ ಸರದಿ ಅಂತ ನಾನು ಎರಡೂ ಕೈ ಚಾಚಿದೆ.

ಅವಳು, ಸ್ವಲ್ಪ ತಾಳಿ ಅನ್ನುವ ಹಾಗೆ ಕೈ ಮಾಡಿ, ಹಿಂದಿನ ಪೆಟ್ಟಿಗೆಯಿಂದ ಒಂದು ಹೊಸ ಕಟ್ಟು ತೆಗೆದಳು. ನನ್ನ ಕಣ್ಣೆದುರಿಗೇ ಪ್ಲಾಸ್ಟಿಕ್ ಹರಿದು ಒಂದು ಕಾಗದದ ಕಪ್ ಹೊರಗೆ ತೆಗೆದಳು. ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಹೊಸದು, ಯಾರೂ ಮುಟ್ಟಿಲ್ಲ, ನಿಮಗಾಗಿಯೇ ತಂದಿಟ್ಟಿದ್ದು ಅಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ಇತ್ತು. ನಮ್ಮ ಊರಿನಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ನನ್ನ ಅಜ್ಜಿ ಅಂಗಳದಲ್ಲೇ ತೆಂಗಿನ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದಳು. ಬೇರೆ ಪಾತ್ರೆ ಅಂದರೆ ಏನು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಬೇಡ, ನನಗೂ ಆ ಬಟ್ಟಲಲ್ಲೇ ಕೊಡಿ ಅಂತ ಹೇಳಲು ಬಾಯಿ ತೆರೆದೆ. ಮಗಳು ನನ್ನ ತೋಳು ಹಿಡಿದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಕನ್ನಡ ಬಂತು.

"ಅಮ್ಮ, ಇದನ್ನಾದರೂ ಬೇಡ ಅನ್ನಬೇಡ."

ನಾನು ಆ ಕಾಗದದ ಕಪ್ಪಿಗೆ ಬಾಯಿ ಹಚ್ಚಿ ಪೂರ್ತಿ ಕುಡಿದೆ. ಕುಡಿದ ಮೇಲೆ ಅದನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಮಗಳು ಕೈ ಚಾಚಿ ಇಸಕೊಂಡು, ಹೊರಗೆ ಹೋಗಿ ಕಸದ ಡಬ್ಬಕ್ಕೆ ಹಾಕಿ ಬಂದಳು.