ಗಂಡನ ಕಂಪ್ಯೂಟರಿನೊಳಗೆ ಪುರ್ವಂತಿ

ಸೊಲೊ ಊರಿನ ಆ ಗಲ್ಲಿಯಲ್ಲಿ ಮಾರ್ಗೊನೊನ ಬುದ್ಧಿಯನ್ನು ಹೊಗಳದವರಿಲ್ಲ. ಹೊಗಳಲಿ, ತಪ್ಪಲ್ಲ. ಗಂಡ ಹೆಂಡತಿ ಇಬ್ಬರಿಗೂ ಕಣ್ಣಿಲ್ಲ, ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅವನು ಅದರೊಳಗೇ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸಿದ. ವರ್ಚುವಲ್ ಮಷೀನ್ ಅನ್ನುತ್ತಾರೆ ಅದಕ್ಕೆ. ಪೆಟ್ಟಿಗೆ ಒಂದು, ಒಳಗೆ ಸಂಸಾರ ಎರಡು. ಕಣ್ಣಿದ್ದವರಿಗಾದರೆ ಎರಡು ಪರದೆ ಬೇಕಾಗುತ್ತಿತ್ತು, ಇವರಿಗೆ ಇದ್ದ ಒಂದೂ ಬೇಡವಾಗಿತ್ತು. ಅದನ್ನು ಮಾರಿ ಇನ್ನೊಂದು ಕೀಬೋರ್ಡು, ಇನ್ನೊಂದು ಹೆಡ್‌ಫೋನು ತಂದ. ಬರೆದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹೊರಗಿನದಕ್ಕೊಂದು, ಒಳಗಿನದಕ್ಕೊಂದು. ಅವನ ಕಿವಿಯಲ್ಲಿ ಗಂಡು ದನಿ, ಹೆಂಡತಿ ಪುರ್ವಂತಿಯ ಕಿವಿಯಲ್ಲಿ ಹೆಣ್ಣು ದನಿ.

ಕರೆಂಟಿನ ಮೀಟರ್ ನೋಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಆ ಕಡೆ ಗಂಡಸರನ್ನು, ಹೆಂಡತಿ ಗಂಡನನ್ನೂ, ‘ಮಾಸ್’ ಅಂದರೆ ಅಣ್ಣ ಎಂದೇ ಕರೆಯುವುದು. “ಏನ್ ಮಾಸ್, ಬರೀ ಗೋಡೆ ನೋಡ್ಕೊಂಡು ಇಬ್ರೂ ಗಮೆಲಾನ್ ವಾದ್ಯ ಬಾರಿಸ್ತಿದೀರಾ?”

“ಬಾರ್ಸೋದು ಅವಳು, ಬಾರಿಸ್ಕೊಳ್ಳೋದು ನಾನು,” ಅಂದಿದ್ದ ಮಾರ್ಗೊನೊ. ಗಲ್ಲಿಗೆ ಗಲ್ಲಿಯೇ ನಕ್ಕಿತ್ತು.

ಆದರೆ ಹೊರಗಿನದು ಯಾರದು, ಒಳಗಿನದು ಯಾರದು ಎಂದು ಒಬ್ಬರೂ ಕೇಳಲಿಲ್ಲ. ಹೊರಗಿನದು ಅವನದು. ಅವನು ತನ್ನದನ್ನು ಶುರು ಮಾಡದೆ ಅವಳದು ಏಳುತ್ತಿರಲಿಲ್ಲ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಜಗಳವಾದ ದಿನ ಅವನು ಬೈಯುತ್ತಿರಲಿಲ್ಲ, ತನ್ನ ಕಡೆಯಿಂದ ಗುಂಡಿ ಒತ್ತಿ ಅವಳ ಕಂಪ್ಯೂಟರನ್ನು ನಿಲ್ಲಿಸಿಬಿಡುತ್ತಿದ್ದ. ಅವಳ ಕಿವಿಯ ದನಿ ಪದದ ನಡುವೆಯೇ ಕಡಿದುಹೋಗುತ್ತಿತ್ತು. ಅವನ ಸಿಟ್ಟಿಳಿದು ಮತ್ತೆ ಬಿಟ್ಟಾಗ, ಬೆಳಿಗ್ಗೆ ಅರ್ಧಕ್ಕೆ ನಿಂತ ಪದದ ಉಳಿದರ್ಧವನ್ನು ಅದು ಮಧ್ಯಾಹ್ನ ಹೇಳುತ್ತಿತ್ತು.

“ಟೀಗೆ ಸಕ್ಕರೆ ಜಾಸ್ತಿ ಆಯ್ತು ಅಂದಿದ್ದಕ್ಕೆ ನನ್ನ ಬಾಯಿ ಮುಚ್ಚಿಸ್ತೀರಲ್ಲ ಮಾಸ್!”

“ಎಲ್ಲಿ ಮುಚ್ಚಿಸ್ದೆ? ಆವಾಗಿಂದ ವಟಗುಟ್ತಾನೇ ಇದೀಯ.”

ಪುರ್ವಂತಿಯೂ ನಗುತ್ತಿದ್ದಳು. ಹೆಣ್ಣುಮಕ್ಕಳು ಎಷ್ಟು ಅವಮಾನವನ್ನು ಹೀಗೆ ನಕ್ಕು ನುಂಗುತ್ತಾರೋ, ನೆನೆದರೆ ಮೈ ಉರಿಯುತ್ತದೆ.

ಇಬ್ಬರೂ ಮೊದಲು ಮಸಾಜ್ ಮಾಡಿಯೇ ಬದುಕಿದವರು. ಬರಬರುತ್ತಾ ಗಿರಾಕಿಗಳು ಏಸಿ ಹಾಕಿದ ದೊಡ್ಡ ಅಂಗಡಿಗಳ ಕಡೆ ತಿರುಗಿದರು, ಮಾರ್ಗೊನೊನ ಮಂಚ ಖಾಲಿ ಬಿತ್ತು. ಅದೇ ಹೊತ್ತಿಗೆ ಪುರ್ವಂತಿಯ ಬೆರಳು ಕುದುರಿತು. ಯಾರ‍್ಯಾರದೋ ಮಾತಿನ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕಿಳಿಸುವ ಕೆಲಸ. ಜೋಗ್ಜಾ ಊರಿನ ಸಂಶೋಧಕರು ಕಳಿಸುತ್ತಿದ್ದರು. ಮನೆಗೆ ಅಕ್ಕಿ ಬರುತ್ತಿದ್ದದ್ದು ಅದರಿಂದ. ಹೆಂಡತಿ ದುಡಿದ ಅನ್ನ ಅವನ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿರಲಿಲ್ಲ, ಆದರೂ ತಟ್ಟೆ ಖಾಲಿ ಮಾಡುತ್ತಿದ್ದ.

ಆಗ ಸೆಮರಾಂಗಿನ ಕಂಪನಿಯೊಂದು ಅವಳಿಗೆ ಪರೀಕ್ಷೆ ಕೊಟ್ಟಿತು. ಮಾರುಕಟ್ಟೆಯ ಮುದುಕಿಯರು ಮಾತಾಡಿದ ಉದ್ದದ ರೆಕಾರ್ಡಿಂಗ್ ಒಂದನ್ನು ಶನಿವಾರ ಮಧ್ಯಾಹ್ನ ಮಸೀದಿಯ ಬಾಂಗು ಕೂಗುವುದರೊಳಗೆ ಬರೆದು ಕಳಿಸಬೇಕು. ಒಪ್ಪಿಗೆಯಾದರೆ ತಿಂಗಳ ಸಂಬಳ, ಜೊತೆಗೆ ಮನೆಗೇ ಒಂದು ಕಂಪ್ಯೂಟರ್. ಅವಳದೇ, ಪೂರ್ತಿ ಅವಳದು.

“ಸ್ವಂತದ್ದು ಬಂದ್ಮೇಲೆ ಇದು ಬೇಡ್ವಾ?” ಕೇಳಿದ ಮಾರ್ಗೊನೊ.

“ಯಾಕೆ ಬೇಕು? ನಿಮಗೂ ಕಾಟ ತಪ್ಪುತ್ತೆ,” ಅಂದಳು ಅವಳು, ಸೋಯಾಕಾಳಿನ ಟೆಂಪೆ ಹೆಚ್ಚುತ್ತಾ. ಸಂತೋಷದಲ್ಲಿ ಆಡಿದ ಮಾತು. ಅದು ಅವನಿಗೆ ಎಲ್ಲಿ ನಾಟಿತೋ ಅವಳಿಗೆ ತಿಳಿಯಲಿಲ್ಲ.

ಮುದುಕಿಯರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ದರು. ಕೇಳಿ, ಬರೆದು, ಬರೆದದ್ದನ್ನು ಮತ್ತೆ ಓದಿಸಿಕೊಳ್ಳುವಷ್ಟರಲ್ಲಿ ದಿನ ಜಾರುತ್ತಿತ್ತು. ಬುಧವಾರ ಅವಳು ತನ್ನ ಸ್ಕ್ರೀನ್ ರೀಡರಿನ ದನಿಯನ್ನು ಇನ್ನಷ್ಟು ಚುರುಕು ಮಾಡಿಕೊಂಡಳು. ಬೇರೆಯವರಿಗಾದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳಬೇಕು, ಅಷ್ಟು ವೇಗ. ಶುಕ್ರವಾರ ಸಂಜೆಯ ಹೊತ್ತಿಗೆ ಕೊನೆಯ ಸಾಲು ಮುಗಿಯಿತು.

“ಮುಗೀತು ಮಾಸ್! ಬೆಳಿಗ್ಗೆ ಇನ್ನೊಂದ್ಸಲ ಕೇಳಿ ಕಳಿಸ್ಬಿಡ್ತೀನಿ. ಈಗ ಕಿವಿ ಸತ್ತುಹೋಗಿದೆ.”

“ಹೂಂ,” ಅಂದ ಅವನು.

ಶನಿವಾರ ಬೆಳಿಗ್ಗೆ ಹೆಡ್‌ಫೋನು ಹಾಕಿಕೊಂಡಳು. ದನಿ ಮೊದಲ ಪದ ಆಡಿತು. ದನಿ ನಿಧಾನವಾಗಿತ್ತು. ಹಳೆಯ ವೇಗ. ಫೈಲು ಹುಡುಕಿದಳು. ಶುರುವಿನ ಒಂದೆರಡು ಪುಟ ಬಿಟ್ಟರೆ ಮಿಕ್ಕದ್ದು ಇರಲಿಲ್ಲ.

ಅವಳಿಗೆ ಗೊತ್ತಿತ್ತು. ಒಳಗಿನ ಕಂಪ್ಯೂಟರ್ ಯಾವುದಾದರೂ ಒಂದು ದಿನ ಹೇಗಿತ್ತೋ ಹಾಗೇ ನಕಲು ತೆಗೆದಿಟ್ಟು, ಬೇಕಾದಾಗ ಅದನ್ನು ಆ ದಿನಕ್ಕೇ ಹಿಂದಕ್ಕೆ ಒಯ್ಯಬಹುದು. ಹಿಂದೊಮ್ಮೆ ವೈರಸ್ ಹತ್ತಿದಾಗ ಮಾರ್ಗೊನೊ ಹಾಗೆ ಮಾಡಿಯೇ ಅವಳ ಕೆಲಸ ಉಳಿಸಿಕೊಟ್ಟಿದ್ದ.

“ಮಾಸ್, ನನ್ನದನ್ನ ಹಿಂದಕ್ಕೆ ಒಯ್ದ್ರಾ?”

“ಎಲ್ಲಿಗೆ ಹಿಂದಕ್ಕೆ? ಸೇವ್ ಮಾಡೋದು ಮರೆತಿರ್ತೀಯ. ಇಲ್ಲಾಂದ್ರೆ ಕನಸಲ್ಲಿ ಬರ್ದಿರ್ಬೇಕು.”

“ಸೇವ್ ಮಾಡೋದು ಮರೀಬಹುದು. ದನಿ ತಾನಾಗೇ ನಿಧಾನ ಆಗುತ್ತಾ? ಬುಧವಾರ ಜೋರು ಮಾಡ್ಕೊಂಡಿದ್ದೆ. ನಿಮಗದು ಗೊತ್ತಿರ್ಲಿಲ್ಲ, ಅಲ್ವಾ?”

ಅವನ ಕುರ್ಚಿ ಒಮ್ಮೆ ಕಿರುಗುಟ್ಟಿತು. ಜಗಳಕ್ಕೆ ಹೊತ್ತಿರಲಿಲ್ಲ. ಫೈಲು ನಿಂತಲ್ಲಿಂದಲೇ ಅವಳು ಬರೆಯತೊಡಗಿದಳು. ನೆನಪಿದ್ದದ್ದನ್ನು ನೆನಪಿನಿಂದ, ಇಲ್ಲದ್ದನ್ನು ಮತ್ತೆ ಕೇಳಿ. ಅರ್ಧವೂ ಆಗಿರಲಿಲ್ಲ, ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿತು. ಆದಷ್ಟನ್ನೇ ಕಳಿಸಿದಳು. ಅಪೂರ್ಣವಾದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಂಪನಿಯವರು ಒಂದು ಸಾಲು ಬರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು, ಅಳುತ್ತಾ ತೊಳೆದಳು.

ಭಾನುವಾರ ಗಲ್ಲಿಯಲ್ಲಿ ಯಾರದೋ ಮದುವೆ. ಧ್ವನಿವರ್ಧಕದ ಹಾಡಿಗೆ ಗೋಡೆ ಅದುರುತ್ತಿತ್ತು. ಮಾರ್ಗೊನೊ ಬಂದು ಅವಳ ಕೈ ಹಿಡಿದುಕೊಂಡು ಮೇಜಿನ ಹತ್ತಿರ ಕೂರಿಸಿದ.

“ನಾನು ಅಳಿಸಿಲ್ಲ ಕಣೇ. ಶುಕ್ರವಾರದ್ದನ್ನೂ ಇಟ್ಕೊಂಡಿದ್ದೆ. ನೋಡು, ಹೇಗಿತ್ತೋ ಹಾಗೇ ಇದೆ. ಏನೂ ಹೋಗಿಲ್ಲ.”

ಹೆಡ್‌ಫೋನಿನಲ್ಲಿ ಅವಳದೇ ವೇಗದ ದನಿ ಎದ್ದು ಕೊನೆಯ ಸಾಲನ್ನು ಓದಿತು. ಎಲ್ಲ ಇತ್ತು. ಅವಳು ಗಂಟೆ ಕೇಳುವ ಗುಂಡಿ ಒತ್ತಿದಳು. ಶುಕ್ರವಾರ, ಸಂಜೆ ನಾಲ್ಕು, ಅಂದಿತು ದನಿ. ನಿದ್ದೆ ಹೋದವರು ಎದ್ದು ಅದೇ ದಿನವೆಂದುಕೊಂಡ ಹಾಗೆ.

“ಇದರೊಳಗೆ ಇನ್ನೂ ಶುಕ್ರವಾರ ಮಾಸ್,” ಅಂದಳು ಪುರ್ವಂತಿ. “ನನಗೆ ಮಾತ್ರ ಭಾನುವಾರ. ಯಾಕೆ ಹೀಗ್ ಮಾಡಿದ್ರಿ?”

“ನೀನು ಬಿಟ್ಟುಹೋಗ್ತೀಯ ಅನ್ನಿಸ್ತು.”

“ಎಲ್ಲಿಗ್ರೀ ಹೋಗ್ತಿದ್ದೆ? ಅಡುಗೆಮನೆ ಪಕ್ಕ ಒಂದು ಮೇಜು ಹಾಕಿಸ್ಕೊಳ್ತಿದ್ದೆ. ಅಷ್ಟೇ ದೂರ.”

ಅವನು ಬಿಕ್ಕಳಿಸಿದ. “ಹೊರಗಿನದು ನೀನು ತಗೋ. ಪಾಸ್‌ವರ್ಡ್ ಹೇಳ್ತೀನಿ. ನಾನು ಒಳಗೆ ಇರ್ತೀನಿ.”

“ಬೇಡಿ. ನನಗೂ ಒಂದಿನ ಸಿಟ್ಟು ಬರುತ್ತೆ. ನಾನೂ ನಿಮ್ಮನ್ನ ನಿಲ್ಲಿಸ್ತೀನಿ. ಕೈಗೆ ಸಿಕ್ಕಿದ್ಮೇಲೆ ಯಾರು ಸುಮ್ನಿರ್ತಾರೆ?”

ಅವಳು ಬಟ್ಟೆ ಕಟ್ಟಿಕೊಂಡಳು, ಕೋಲು ಹಿಡಿದಳು. ಅವನು ಹಿಂದಿನಿಂದ ಏನೋ ಕೂಗಿದ್ದು ಮದುವೆಯ ಹಾಡಿನಲ್ಲಿ ಕೇಳಿಸಲಿಲ್ಲ.

ಈಗ ಅವಳು ಕ್ಲಾತೆನ್ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಮತ್ತೆ ಮಸಾಜಿನ ಕೆಲಸ. ಸಂಶೋಧಕರು ಬೇರೆಯವರನ್ನು ಹುಡುಕಿಕೊಂಡರು. ಸಂಜೆ ನೋಯುವ ಹೆಬ್ಬೆರಳನ್ನು ಬಿಸಿನೀರಿನಲ್ಲಿ ಅದ್ದಿ ಕೂತಾಗ ಅಕ್ಕ ಗೊಣಗುತ್ತಾಳೆ.

“ಹಠ ಮಾಡ್ದೆ ಅಲ್ಲೇ ಇದ್ದಿದ್ರೆ ಒಂದು ಕಂಪ್ಯೂಟರಾದ್ರೂ ಇರ್ತಿತ್ತು ನಿಂಗೆ.”

“ಇರ್ತಿತ್ತು ಅಕ್ಕ,” ಅನ್ನುತ್ತಾಳೆ ಪುರ್ವಂತಿ. “ನಾನು ಇರ್ತಿರ್ಲಿಲ್ಲ.”