ಹಿಂದಿನ ಸಾಲಿನ ಎರಡನೆಯ ಮುಖ

ಫೋಟೋ ವಿಷಯದಲ್ಲಿ ನನ್ನಷ್ಟು ಮೊಂಡ ಸಕಲೇಶಪುರದಲ್ಲೇ ಇರಲಿಲ್ಲ. ಗೋಡೆಯ ಮೇಲಿನ ಅಜ್ಜ ಕಣ್ಣು ಮಿಟುಕಿಸಿದ, ಸತ್ತವಳ ಚಿತ್ರದಲ್ಲಿ ನೀರು ಜಿನುಗಿತು ಎಂದು ಯಾರಾದರೂ ಹೇಳಿದರೆ ಅವರ ಮುಂದೆಯೇ ನಗುತ್ತಿದ್ದೆ. ಈಗ ಹಾಗೆ ನಗಲು ಧೈರ್ಯ ಸಾಲದು. ಯಾಕೆಂದು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನದೊಂದು ಪುಟ್ಟ ಸ್ಟುಡಿಯೋ ಇತ್ತು. ಭಾನುವಾರ ಆಸಕ್ತರನ್ನು ಕೂರಿಸಿಕೊಂಡು, ಫೋಟೋವನ್ನು ನೋಡುವುದು ಹೇಗೆಂದು ಪಾಠ ಹೇಳುವ ಚಟವೂ ಇತ್ತು. ನೋಟ್‌ಬುಕ್ಕಿನ ಎಡಪುಟದಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ಬರೆಯಬೇಕು: ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಯಾವ ಕಡೆಯದು, ಕೈ ಎಲ್ಲಿದೆ. ಆಮೇಲೆ ಬಲಪುಟದಲ್ಲಿ ಅದರ ಅರ್ಥ. ಎಡಪುಟ ತುಂಬಿಸದೆ ಬಲಪುಟಕ್ಕೆ ಹಾರಿದವರಿಗೆ ನನ್ನಿಂದ ಚೆನ್ನಾಗಿ ಬೈಗುಳ ಬೀಳುತ್ತಿತ್ತು.

ಆಗಲೇ ಬೆಳಗೋಡಿನ ಕಡೆಯ ಜಯಮ್ಮ ಎಂಬಾಕೆ ಒಂದು ಹಳೆಯ ಗುಂಪು ಫೋಟೋ ತಂದಳು. ಕಾಫಿ ಕೊಯ್ಲು ಮುಗಿದ ದಿನ ಎಸ್ಟೇಟಿನ ಕಣದಲ್ಲಿ ನಿಂತ ಹನ್ನೊಂದು ಹೆಂಗಸರು. ಅವರಲ್ಲೊಬ್ಬಳು ಆಕೆಯ ತಾಯಿ. ಯಾರೆಂದು ಆಕೆಗೇ ತಿಳಿಯದು. ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಗುರುತು ಹೇಳಬಹುದಾಗಿದ್ದ ಚಿಕ್ಕಮ್ಮನೂ ತೀರಿಕೊಂಡಿದ್ದಳು.

"ಮಗಳ ಮದ್ವೆ ಐತೆ ಕಣಣ್ಣ. ಅದಕ್ಕೆ ಮೊದ್ಲು ಹಿರೀಕ್ರಿಗೆ ಎಡೆ ಇಡ್ಬೇಕು. ಎಲ್ಲಾರ ಫೋಟೋನೂ ಐತೆ, ನಮ್ಮವ್ವಂದೊಂದಿಲ್ಲ. ಇನ್ಯಾರ ಮುಂದೋ ಎಡೆ ಇಟ್ಬುಟ್ರೆ ಅವ್ವ ಹಸ್ಕೊಂಡೇ ವಾಪಸ್ ಹೋಯ್ತಾಳೆ" ಎಂದಳು.

ನನಗೆ ಹುರುಪು ಬಂತು. ಎಡಪುಟದಲ್ಲಿ ಬರೆದೆ: ಹತ್ತು ಮುಖ ಕ್ಯಾಮೆರಾದತ್ತ ಇವೆ. ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯವಳದು ಮಾತ್ರ ಪೂರ್ತಿ ಬಲಕ್ಕೆ ತಿರುಗಿದೆ. ಒಂದೇ ಕಿವಿಯ ಓಲೆ ಕಾಣುತ್ತದೆ. ಆ ಕಡೆ ಏನಿತ್ತೆಂದು ಜಯಮ್ಮನನ್ನು ಕೇಳಿದೆ. ಕಣದ ಬಲಕ್ಕೊಂದು ಸಿಲ್ವರ್ ಮರವಿತ್ತಂತೆ. ಕೆಲಸಕ್ಕೆ ಬಂದವರು ಕೂಸುಗಳ ಜೋಲಿಯನ್ನು ಅದಕ್ಕೇ ಕಟ್ಟುತ್ತಿದ್ದರಂತೆ. ಆ ವರ್ಷ ಜೋಲಿಯಲ್ಲಿ ಇದ್ದದ್ದು ನೀನೊಬ್ಬಳೇ ಎಂದು ಚಿಕ್ಕಮ್ಮ ಹೇಳಿದ್ದಳಂತೆ. ಇನ್ನೇನು ಬೇಕು? ಬಲಪುಟದಲ್ಲಿ 'ಇವಳೇ ತಾಯಿ' ಎಂದು ಬರೆದೆ. ಆ ಓರೆ ಮುಖವನ್ನು ಜಯಮ್ಮ ಬೆರಳಿನಿಂದ ಸವರಿ ಅತ್ತಳು.

ಮರುದಿನ ಮಧ್ಯಾಹ್ನ ಆ ಫೋಟೋದ ಫೋಟೋ ತೆಗೆದು, ಕತ್ತಲೆಕೋಣೆಯಲ್ಲಿ ಆ ಒಂದು ಮುಖವನ್ನು ದೊಡ್ಡದು ಮಾಡಲು ಕೂತೆ. ಕೆಂಪು ದೀಪದಡಿ, ಟ್ರೇಯಲ್ಲಿದ್ದ ಕಾಗದದ ಮೇಲೆ ಮುಖ ಮೂಡಿತು. ಎರಡೂ ಕಣ್ಣು, ಎರಡೂ ಓಲೆ. ನೇರವಾಗಿ ನನ್ನನ್ನೇ ನೋಡುತ್ತಿತ್ತು.

ಬೇರೆ ಮುಖ ಹಿಡಿದೆನೇನೋ ಎಂದು ಮೂಲ ಫೋಟೋವನ್ನು ಕಿಟಕಿಗೆ ಒಯ್ದೆ. ಹನ್ನೊಂದು ಜನರೂ ನೇರ ನೋಡುತ್ತಿದ್ದರು. ನೋಟ್‌ಬುಕ್ ತೆರೆದೆ, ನನ್ನದೇ ಅಕ್ಷರ, ಬರೆದದ್ದು ಬರೆದ ಹಾಗೇ ಇತ್ತು. ನಾನು ಹೆದರಿದ್ದು ದೆವ್ವಕ್ಕಲ್ಲ. ಆ ಮುಖ ತಿರುಗಿರದಿದ್ದರೆ ಇವಳೇ ತಾಯಿ ಎನ್ನಲು ನನ್ನ ಬಳಿ ಬೇರೇನಿತ್ತು? ಯಾರೋ ಹೆಂಗಸನ್ನು ತೋರಿಸಿ ಜಯಮ್ಮ ಸುಮ್ಮನೆ ಅಳುವಂತೆ ಮಾಡಿಬಿಟ್ಟೆನೇ? ಎರಡು ದಿನ ಊಟ ಸೇರಲಿಲ್ಲ. ದಿನಕ್ಕೆ ಹತ್ತು ಸಲ ಆ ಫೋಟೋ ತೆಗೆದು ನೋಡಿದೆ.

ಜಯಮ್ಮ ಬಂದಾಗ ಮುಚ್ಚಿಡಲು ಮನಸ್ಸಾಗಲಿಲ್ಲ. ಮೂಲ ಫೋಟೋ, ದೊಡ್ಡದು ಮಾಡಿದ ಮುಖ ಎರಡನ್ನೂ ಮುಂದಿಟ್ಟೆ.

"ನೋಡಮ್ಮ, ಮೊನ್ನೆ ಈ ಮುಖ ಆ ಕಡೆ ತಿರುಗಿತ್ತಲ್ವಾ? ನೀವೂ ನೋಡಿದ್ರಲ್ವಾ?"

"ಹ್ಞೂ ಕಣಣ್ಣ, ತಿರುಗಿತ್ತು" ಎಂದಳು. ತುಂಬ ಹೊತ್ತು ನೋಡಿದಳು. ಆಮೇಲೆ, ನನ್ನ ದಡ್ಡತನಕ್ಕೆ ಮರುಗುವವಳಂತೆ ನಕ್ಕು, "ಕೂಸು ಸಿಕ್ತಲ್ಲ, ಇನ್ಯಾಕೆ ಆ ಕಡೆ ನೋಡ್ತಾಳೆ?" ಎಂದಳು. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟಳು.

ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಎಡಪುಟದ ಆ ಸಾಲನ್ನು ಹೊಡೆದುಹಾಕಲು ಎಷ್ಟೋ ಸಲ ಪೆನ್ನು ತೆಗೆದಿದ್ದೇನೆ, ಆಗಿಲ್ಲ. ಕಂಡದ್ದನ್ನಷ್ಟೇ ಬರೆದಿದ್ದೆ. ಹೇಗೆ ಹೊಡೆಯಲಿ?