ಹೆಗಲು ಆರುವ ಸೋಮವಾರ

ಹೋದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಗುಲಾಬಿ ಬಂತು. ಕೆಂಪು ಗುಲಾಬಿ, ಎಸಳಿನ ಮೇಲೆ ಮಂಜಿನ ಹನಿ, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಮಹಿಳಾ ದಿನದ ಶುಭಾಶಯಗಳು’. ಕಳಿಸಿದವರು ನಮ್ಮ ಯಜಮಾನರು. ಅವರು ಕೂತಿದ್ದು ಹಜಾರದಲ್ಲಿ, ನಾನಿದ್ದದ್ದು ಅಡುಗೆಮನೆಯಲ್ಲಿ. ನಡುವೆ ಒಂದು ಬಾಗಿಲ ಪರದೆ. ನಾನು ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಆ ಗುಲಾಬಿಯನ್ನು ಕಣ್ತುಂಬ ನೋಡುವ ಮೊದಲೇ ಪರದೆಯ ಆಚೆಯಿಂದ ದನಿ ಬಂತು: “ಕಾಫಿ ಆತೇನೇ?”

ಕಾಫಿ ಕೊಟ್ಟೆ. ಮುಳ್ಳಿಲ್ಲದ ಗುಲಾಬಿ ಕೊಟ್ಟವರಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಈ ‘ದಿನ’ಗಳ ಹುಳ ಹೊಕ್ಕಿತು.

ನಿಮ್ಮ ಮೊಬೈಲಿಗೂ ಬರುತ್ತಿರಬೇಕು. ಎಡಗೈಯವರಿಗೆ ಒಂದು ದಿನ, ಇಡ್ಲಿಗೆ ಒಂದು ದಿನ, ಶೌಚಾಲಯಕ್ಕೆ ಒಂದು ದಿನ, ನಿದ್ದೆಗೂ ಒಂದು ದಿನ. ನಿದ್ದೆಯ ದಿನದ ಶುಭಾಶಯವನ್ನು ನಮ್ಮ ವಾಕಿಂಗ್ ಬಳಗದ ಒಬ್ಬಾಕೆ ಬೆಳಗಿನ ಜಾವ ಕೋಳಿಗಿಂತ ಮುಂಚೆ ಕಳಿಸಿ ನನ್ನನ್ನು ಎಬ್ಬಿಸಿದ್ದರು. ಇಡ್ಲಿಯ ದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಇವನ್ನೆಲ್ಲ ಕಂಡರೆ ನಗು ಬರುತ್ತದೆ ಎಂದು ನಾನು ಎಲ್ಲರ ಮುಂದೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಅವತ್ತಿನ ವಿಶೇಷ ಏನೆಂದು ಓದದೆ ನನಗೆ ತಿಂಡಿ ಒಳಗಿಳಿಯುವುದಿಲ್ಲ.

ಇದಕ್ಕೆ ಕಾರಣ ಮೇಷ್ಟರ ಚಟ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಬಹಳ ವರ್ಷ ಪಾಠ ಮಾಡಿದವಳು. ಪ್ರಾರ್ಥನೆಗೆ ಮುಂಚೆ ಕರಿಹಲಗೆಯ ಮೇಲೆ ‘ದಿನದ ವಿಶೇಷ’ ಬರೆಯುವುದು ನನ್ನ ಪಾಲಿನ ಕೆಲಸ. ಹುಟ್ಟಿದ ಮಹನೀಯರು, ಅಗಲಿದ ಮಹನೀಯರು, ಹಾರಿದ ವಿಮಾನ, ಮುಳುಗಿದ ಹಡಗು, ಯಾವುದಾದರೂ ಒಂದು ಸಿಕ್ಕೇ ಸಿಗುತ್ತಿತ್ತು. ಒಂದು ದಿನ ಮಾತ್ರ ಏನೂ ಸಿಗಲಿಲ್ಲ. ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ‘ಇಂದು ಏನೂ ವಿಶೇಷವಿಲ್ಲ’ ಎಂದು ದುಂಡಗೆ ಬರೆದೆ. ಹೆಡ್ ಮೇಷ್ಟರು ಓಡಿ ಬಂದರು. ಅವರು ಕರಾವಳಿ ಕಡೆಯವರು, ಹೊಸದಾಗಿ ಬಂದಿದ್ದರು. “ಮೇಡಂ, ಸಾಹೇಬರು ತಪಾಸಣೆಗೆ ಬಂದರೆ ಏನು ಹೇಳುವುದು? ಏನಾದರೂ ಬರೆಯಿರಿ.” ಅವತ್ತು ಸೋಮವಾರ. ಅಳಿಸಿ ಬರೆದೆ: ‘ಇಂದು ಸೋಮವಾರ. ಎತ್ತುಗಳಿಗೆ ರಜೆ.’

ಮಕ್ಕಳೆಲ್ಲ ಇದರಲ್ಲೇನು ವಿಶೇಷ ಎನ್ನುವಂತೆ ತಲೆಯಾಡಿಸಿದವು. ಹೆಡ್ ಮೇಷ್ಟರೊಬ್ಬರೇ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಇದಕ್ಕೆ ಸುತ್ತೋಲೆ ಇದೆಯಾ ಮೇಡಂ?”

ಸುತ್ತೋಲೆ ಇರಲಿಲ್ಲ. ನಮ್ಮ ಅಜ್ಜಿ ಇದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ವಾರದ ಏಳೂ ದಿನಕ್ಕೆ ಅವಳದೊಂದು ಕಾಯಿದೆ. ಶನಿವಾರ ಎಣ್ಣೆ, ಕಬ್ಬಿಣ ಮನೆಗೆ ತರಬಾರದು. ಮಂಗಳವಾರ ಕ್ಷೌರ ಕೂಡದು. ಮಂಗಳವಾರ, ಶುಕ್ರವಾರ ಮಗಳನ್ನು ಗಂಡನ ಮನೆಗೆ ಕಳಿಸಬಾರದು. ಶುಕ್ರವಾರ ದೀಪ ಹಚ್ಚಿದ ಮೇಲಂತೂ ಮನೆಯಿಂದ ಉಪ್ಪಿನ ಹರಳೂ ಆಚೆ ಹೋಗುವಂತಿಲ್ಲ. ನಮಗೆ ಸ್ವಾತಂತ್ರ್ಯ ಬಂದದ್ದು ಶುಕ್ರವಾರ ಎಂದು ಶಾಲೆಯಲ್ಲಿ ಕಲಿತು ಬಂದು ನಾನು ಅವಳಿಗೆ ಹೇಳಿದಾಗ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಯೋಚನೆ ಮಾಡಿ ಅಂದಿದ್ದಳು: “ಶುಕ್ರಾರ ಯಾರನ್ನೂ ಹಂಗೆ ಆಚೆ ಕಳಿಸಬಾರ್ದು. ಹೋಗ್ಲಿ ಬಿಡು, ಒಳ್ಳೇದೇ ಆತು.” ಹಾಗೆ ಆಚೆ ಹೋದ ಇಂಗ್ಲಿಷರು ಭಾನುವಾರದ ರಜೆಯನ್ನು ಇಲ್ಲೇ ಬಿಟ್ಟು ಹೋದರು. ನಾವದನ್ನು ವಾಪಸು ಕೊಡಲಿಲ್ಲ. ಸ್ವದೇಶಿ ವ್ರತ ತೊಟ್ಟವರೂ ಆ ಒಂದು ವಿದೇಶಿ ಮಾಲನ್ನು ಸುಟ್ಟದ್ದು ನನಗೆ ಗೊತ್ತಿಲ್ಲ.

ಆದರೆ ಭಾನುವಾರ ಸಂಬಳದವರ ರಜೆ. ನಮ್ಮೂರಿನ ರಜೆ ಸೋಮವಾರ. ಅದು ಎತ್ತಿನದು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಗಾಡಿ ಹೂಡುವಂತಿಲ್ಲ, ನೇಗಿಲು ಕಟ್ಟುವಂತಿಲ್ಲ. ಯಾರೂ ಬಸವಣ್ಣನಿಗೆ ಶುಭಾಶಯ ಹೇಳುವುದಿಲ್ಲ, ಗುಲಾಬಿ ಕಳಿಸುವುದಿಲ್ಲ. ಸುಮ್ಮನೆ ನೊಗ ಇಳಿಸುತ್ತಾರೆ, ಅಷ್ಟೆ.

ನಮ್ಮೂರು ಹೊಸದುರ್ಗದ ಕಡೆಯ ಮತ್ತೋಡು. ಹಿಂದೊಂದು ಕಾಲಕ್ಕೆ ಅಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದರಂತೆ. ಪರದೇಶದವನೊಬ್ಬ ಬಂದು ಕುಲುಮೆ ನೋಡಿ ಬರೆದುಕೊಂಡು ಹೋಗಿದ್ದಾನೆಂದು ಎಲ್ಲೋ ಓದಿದ್ದೇನೆ. ನಾನು ಹುಟ್ಟುವ ಹೊತ್ತಿಗೆ ಬಳೆಗೆ ನಾವೇ ಹೊಸದುರ್ಗದ ಸಂತೆಗೆ ಹೋಗಬೇಕಿತ್ತು. ಬಳೆಯ ಊರಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಬಳೆ ಸದ್ದು, ಅವ್ವನದು. ನಸುಕಿನಲ್ಲಿ ರಾಗಿ ಬೀಸುವಾಗ ಕಲ್ಲಿನ ಗೊರಗೊರದ ಜೊತೆ ಅವಳ ಬಳೆ ಸದ್ದಾದರೆ ಬೆಳಗಾಯಿತು ಎಂದು ಅರ್ಥ. ವಾರದ ಏಳೂ ದಿನ ಬೆಳಗಾಗುತ್ತಿತ್ತು.

ಸೋಮವಾರ ಸ್ವಲ್ಪ ಬೇಗನೇ ಆಗುತ್ತಿತ್ತು. ಎತ್ತಿಗೆ ರಜೆ ಎಂದರೆ ಅಪ್ಪನಿಗೂ ರಜೆ. ಅಪ್ಪ ಮನೆಯಲ್ಲಿದ್ದರೆ ನಾಲ್ಕು ಜನ ಜಗಲಿಗೆ ಬರುತ್ತಾರೆ. ಜನ ಬಂದರೆ ಕಾಫಿ, ಕಾಫಿಯ ಹಿಂದೆ ಊಟ. ಊಟಕ್ಕೆ “ಇವತ್ತು ಒಂದಿಷ್ಟು ಹುಳ್ಳಿ ಬಸ್ಸಾರು ಮಾಡು, ಹೆಂಗೂ ಮನೇಲಿದೀವಲ್ಲ” ಎಂಬ ಆಸೆ. ಎತ್ತು ಮಲಗಿದ ದಿನವೇ ಅವ್ವನ ಗಾಡಿ ಏರು ಹತ್ತುತ್ತಿತ್ತು.

ಒಂದು ಸೋಮವಾರ, ಹಿಂದಿನ ದಿನ ಒಳ್ಳೆ ಮಳೆಯಾಗಿತ್ತು. ಹೊಲ ಹದಕ್ಕೆ ಬಂದಿತ್ತು. ಒಂದು ದಿನ ತಡವಾದರೆ ಬಿಸಿಲಿಗೆ ಆ ಹದ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಅಪ್ಪ ಮಾತ್ರ ಎತ್ತುಗಳನ್ನು ಕಟ್ಟೆಯ ನೀರಿಗೆ ಹೊಡೆದುಕೊಂಡು ಹೋಗಿ, ಮೈ ತೊಳೆಸಿ ತಂದು, ಅಂಗಳದಲ್ಲಿ ಕಟ್ಟಿ, ನೊಗ ಕೂರುವ ಜಾಗಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದ. ಅವ್ವ ಬಾವಿಯಿಂದ ನೀರು ಹೊತ್ತು ತರುತ್ತಿದ್ದಳು.

“ಹದ ಹೋಗ್ತೈತಲ್ಲ,” ಅಂದಳು.

“ಹೋದ್ರೆ ಹೋಗ್ಲಿ. ಬಸವಣ್ಣನ ಹೆಗಲು ಒಂದಿನ ಆರಬೇಕು ಕಣೇ,” ಅಂದ ಅಪ್ಪ. ಆ ಮಾತಿನಲ್ಲಿ ನಿಜವಾದ ಪ್ರೀತಿ ಇತ್ತು. ಅಪ್ಪ ಕೆಟ್ಟವನಲ್ಲ, ಮಳೆಯನ್ನೇ ಬಿಟ್ಟುಕೊಡುವಷ್ಟು ಒಳ್ಳೆಯವನು.

ಅವ್ವ ಕೊಡವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟಳು. ಎತ್ತಿನ ಹೆಗಲು ನೋಡಿದಳು. ಹೊಳೆಯುತ್ತಿತ್ತು. ಆಮೇಲೆ ಸಾವಕಾಶವಾಗಿ ಕೇಳಿದಳು: “ಅದ್ರ ಹೆಗಲು ಸೋಮಾರ ಆರ್ತೈತೆ. ನಂದು ಯಾವ ವಾರ ಆರ್ತೈತೆ?”

ಉತ್ತರ ಕೊಟ್ಟದ್ದು ಜಗಲಿಯಲ್ಲಿದ್ದ ಅಜ್ಜಿ. “ಏನೇ, ಎತ್ತಿನ ಸಮ ಮಾಡ್ಕಂತೀಯ? ಅದು ಬಸವಣ್ಣ, ದೇವ್ರು!”

“ಹೌದತ್ತೆ, ನಾನು ದೇವ್ರಿಗಿಂತ ಕಮ್ಮಿನೇ. ದೇವ್ರಿಗೇ ವಾರಕ್ಕೊಂದಿನ ಸುಸ್ತಾಗೋದಾದ್ರೆ ನಂಗೆಷ್ಟು ಆಗಬೇಕು?”

ಮುಂದಿನ ಸೋಮವಾರ ಬಳೆ ಸದ್ದಾಗಲಿಲ್ಲ. ನಾವು ಹೊತ್ತೇರುವ ತನಕ ಮಲಗಿದ್ದೆವು. ಎದ್ದು ನೋಡಿದರೆ ಅವ್ವ ತಲೆಗೆ ನೀರು ಹಾಕಿಕೊಂಡು, ಕೂದಲು ಹರಡಿ, ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅಂಗಳದಲ್ಲಿ ಎತ್ತು ಮೆಲುಕು ಹಾಕುತ್ತಿತ್ತು, ಜಗಲಿಯಲ್ಲಿ ಅವ್ವ ಎಲೆ ಅಡಿಕೆ. ಜಗಳವಿಲ್ಲ, ಅಳುವಿಲ್ಲ, ತವರಿಗೆ ಹೋಗುತ್ತೇನೆಂಬ ಬೆದರಿಕೆ ಇಲ್ಲ. ಸುಮ್ಮನೆ ಕೂತಿದ್ದಳು. ಆ ಸುಮ್ಮನಿರುವಿಕೆಗೆ ಮನೆ ಹೆದರಿತು.

ಹಸಿವು ಯಾರ ಅಪ್ಪನ ಮಾತೂ ಕೇಳುವುದಿಲ್ಲವಾದ್ದರಿಂದ ಕೊನೆಗೆ ಅಪ್ಪನೇ ಮುದ್ದೆ ತಿರುವಲು ಕೂತ. ನೀರು ಕುದಿಯುವ ಮೊದಲೇ ಹಿಟ್ಟು ಸುರಿದ. ಹೊರಗೆ ಮುದ್ದೆ, ಒಡೆದರೆ ಒಳಗೆ ಹಸಿ ಹಿಟ್ಟು. ನಮ್ಮ ನಾಯಿ ಮೂಸಿ ನೋಡಿ ಮರ್ಯಾದೆಯಿಂದ ದೂರ ಹೋಗಿ ಕೂತಿತು. ಅವ್ವ ತನ್ನ ಪಾಲಿನ ಗಂಟನ್ನು ಮಾತಿಲ್ಲದೆ ನುಂಗಿದಳು. ನನಗೆ ತಡೆಯಲಾಗಲಿಲ್ಲ. “ಅವ್ವ, ನೀನೊಂದು ಗಳಿಗೆ ಎದ್ದು ಹೇಳಿಕೊಡಬಾರ್ದಾ?” ಅಂದೆ. ಅವ್ವ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಸೋಮಾರ ಎತ್ತು ಎದ್ದು ಬಂದು ನೇಗಿಲು ಸರಿ ಮಾಡ್ತೈತೇನೆ?”

ಅಜ್ಜಿ ಒಂದು ರಾಜಿಸೂತ್ರ ತಂದಳು. ಭಾನುವಾರವೇ ಸೋಮವಾರದ ರೊಟ್ಟಿಯನ್ನೂ ತಟ್ಟಿಟ್ಟುಬಿಡು ಎಂದಳು. ಕೇಳಲು ನ್ಯಾಯವಾಗಿಯೇ ಇತ್ತು. ಅವ್ವ ಒಪ್ಪಲಿಲ್ಲ. “ಎತ್ತಿನ ಕೈಲಿ ಭಾನ್ವಾರ ಎರಡು ದಿನದ ಉಳುಮೆ ಮಾಡಿಸ್ತೀರಾ?” ಎಂದಳು. ಅಜ್ಜಿಗೆ ರೋಷ ಬಂತು. ಅದರ ಮುಂದಿನ ಸೋಮವಾರ ತಾನೇ ಸೊಂಟ ಕಟ್ಟಿ, ಬೀಸಿ, ನೀರು ತಂದು, ಸಾರು ಕುದಿಸಿ, ಮುದ್ದೆ ಮಾಡಿ ಎಲ್ಲರ ತಟ್ಟೆಗೆ ಠಪ್ಪೆಂದು ಹಾಕಿದಳು. ಸೊಸೆಗೆ ನಾಚಿಕೆಯಾಗಲಿ ಎಂದು. ಸೊಸೆ ಉಂಡು ಕೈ ತೊಳೆದು, “ಸಾರು ಚೆನ್ನಾಗೈತತ್ತೆ,” ಎಂದು ಮತ್ತೆ ಜಗಲಿಗೆ ಹೋದಳು.

ಊರಲ್ಲಿ ಮಾತಾಯಿತು. ಅಪ್ಪನನ್ನು ಅರಳಿಕಟ್ಟೆಯಲ್ಲಿ ಆಡಿಕೊಂಡರು. ಅಪ್ಪ ತಲೆ ತಗ್ಗಿಸಿಕೊಂಡು ಬಂದ ದಿನ ನನಗೆ ಅವ್ವ ಸೋತೇಬಿಡುತ್ತಾಳೆ ಅನ್ನಿಸಿತ್ತು. ಅವಳ ಮುಖವೂ ಬಾಡಿತ್ತು. ಆದರೆ ಸೋಮವಾರ ಬಂದಾಗ ಬಳೆ ಸದ್ದಾಗಲಿಲ್ಲ. ಅವತ್ತು ಅಜ್ಜಿಯ ಮುದ್ದೆ ತಟ್ಟೆಗೆ ಬೀಳುವ ಠಪ್ಪೆಂಬ ಸದ್ದೂ ಆಗಲಿಲ್ಲ. ಅಜ್ಜಿ ಒಲೆಯ ಹತ್ತಿರ ಹೋಗಿ, ಸ್ವಲ್ಪ ಹೊತ್ತು ನಿಂತು, ಸೊಂಟ ಹಿಡಿದುಕೊಂಡು ಹೊರಗೆ ಬಂದಳು. ಜಗಲಿಯ ಮುಂದೆ ನಿಂತು ಅವ್ವನನ್ನು ನೋಡಿದಳು.

“ಒಂದಿಷ್ಟು ಸರ್ಕಳೇ,” ಅಂದಳು.

ಅವ್ವ ಸರಿದಳು. ಅಜ್ಜಿ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಆಮೇಲೆ ಅಜ್ಜಿ, ಯಾರಿಗೂ ಹೇಳಿದ್ದಲ್ಲ ಎನ್ನುವಂತೆ, ಅಂಗಳದ ಎತ್ತಿನ ಕಡೆ ನೋಡುತ್ತಾ ಅಂದಳು: “ಹಿಂಗೆ ಕೇಳಬೌದು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ನೋಡು.”

ಏಳು ದಿನಕ್ಕೂ ಕಾಯಿದೆ ಬರೆದವಳು ತನಗೊಂದು ದಿನ ಬರೆದುಕೊಂಡಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸೋಮವಾರದ ಒಲೆ ಅಪ್ಪನದು. ಅವನ ಮುದ್ದೆ ಬರಬರುತ್ತಾ ಗಂಟಿಲ್ಲದಾಯಿತು, ಆಮೇಲೆ ಚೆನ್ನಾಗಿಯೇ ಆಯಿತು, ಕೊನೆಗೆ ಅವ್ವನ ಮುದ್ದೆಗೆ ಅವನು ಹೆಸರಿಡುವ ಮಟ್ಟಕ್ಕೂ ಹೋಯಿತು.

ನಾನು ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಊರಿಗೆ ಬಾಡಿಗೆ ಟ್ರ್ಯಾಕ್ಟರ್ ಬಂತು. ಅಪ್ಪನಿಗೂ ವಯಸ್ಸಾಗುತ್ತಿತ್ತು. ಎತ್ತು ಮಾರಿದ. ನಾನು ರಜೆಗೆ ಹೋದಾಗ ಕೊಟ್ಟಿಗೆ ಖಾಲಿ. ಗೂಟ ಇತ್ತು, ಹಗ್ಗ ಇತ್ತು, ಅಷ್ಟೆ. ಸೋಮವಾರ ಬೆಳಿಗ್ಗೆ ಹೊಲದಲ್ಲಿ ಟ್ರ್ಯಾಕ್ಟರ್ ಸದ್ದು. ಅದಕ್ಕೆ ವಾರವಿಲ್ಲ, ಡೀಸೆಲ್ ಇದ್ದರೆ ಸಾಕು. ಅಪ್ಪ ಹೊಲದಿಂದ ಬಂದವನು ಜಗಲಿಯಲ್ಲಿ ಕೂದಲು ಹರಡಿ ಕೂತ ಅವ್ವನನ್ನು ಕಂಡು ನಿಂತ. ಅವನ ತಲೆಗೊಂದು ಯೋಚನೆ ಬಂದಿತ್ತು. ಕಷ್ಟಪಟ್ಟು ಹುಡುಕಿದ ಯೋಚನೆಯೇ ಇರಬೇಕು, ಮುಖ ಅರಳಿತ್ತು.

“ಅಲ್ಲ ಕಣೇ, ಎತ್ತೇ ಇಲ್ಲ ಅಂದ್ಮೇಲೆ ಇನ್ನು ಸೋಮಾರ ಯಾರಿಗೆ?”

ಲೆಕ್ಕಕ್ಕೆ ಅವನದು ಸರಿ. ಎತ್ತಿನ ನೆರಳಲ್ಲಿ ಪಡೆದ ರಜೆ, ಎತ್ತಿನ ಜೊತೆಯೇ ಸಂತೆಗೆ ಹೋಗಬೇಕಲ್ಲವೇ? ಅವ್ವ ಎಲೆಯ ತೊಟ್ಟು ಮುರಿದಳು. ತಲೆ ಎತ್ತಿ ಅಪ್ಪನನ್ನು ನೋಡಿದಳು.

“ಎತ್ತು ಹೋದ್ವು. ನಾನಿನ್ನೂ ಇದೀನಿ.”

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಒಲೆ ಊದುವ ಸದ್ದು ಕೇಳಿತು.

ಅವ್ವ ಈಗಿಲ್ಲ. ಇದ್ದಷ್ಟು ದಿನ ಸೋಮವಾರ ಬಿಡಲಿಲ್ಲ. ಅವಳ ಮಗಳಾದ ನಾನು ಊರ ಮಕ್ಕಳಿಗೆ ಬೋರ್ಡಿನ ಮೇಲೆ ಎತ್ತಿನ ರಜೆ ಬರೆದವಳು, ಮನೆಗೆ ಬಂದು ಏಳೂ ದಿನ ಕಾಫಿ ಕಾಸಿದವಳು. ನಿವೃತ್ತಿಯಾದಾಗ ಹೊಸದುರ್ಗದ ಈ ಮನೆಗೆ ಬಂದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ನಿವೃತ್ತಿ ಶಾಲೆಯಿಂದ ಮಾತ್ರ ಎಂದು ಆಮೇಲೆ ಗೊತ್ತಾಯಿತು. ಯಜಮಾನರು ಮಾತ್ರ ಪೂರ್ತಿ ನಿವೃತ್ತರಾದರು.

ಆ ಗುಲಾಬಿ ಬಂದ ದಿನ ಕಾಫಿ ಕೊಟ್ಟವಳು ಅಲ್ಲೇ ನಿಂತು ಹೇಳಿದೆ: “ನಂಗೆ ಮಾರ್ಚ್ ತಿಂಗಳ ದಿನ ಬೇಡ್ರಿ. ನೀವೇ ಇಟ್ಕಳ್ರಿ. ನಂಗೆ ಸೋಮಾರ ಬೇಕು.”

ಅವರು ಕನ್ನಡಕ ಸರಿಮಾಡಿಕೊಂಡು ಮೊಬೈಲಿನಲ್ಲಿ ಹುಡುಕತೊಡಗಿದರು. “ಹಂಗೊಂದು ದಿನ ಬಂದಿಲ್ವಲ್ಲೇ ಇದ್ರಾಗೆ?”

“ಅದ್ರಾಗೆ ಬಂದಿಲ್ಲ. ಮತ್ತೋಡಿಂದ ಬಂದೈತೆ.”

ಇವತ್ತು ಸೋಮವಾರ. ನಾನು ವರಾಂಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯುವುದೂ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಇದು ನನ್ನ ಮೆಲುಕು. ಪರದೆಯ ಆಚೆ ಪಾತ್ರೆ ಬಿದ್ದ ಸದ್ದು, ಸೀದ ವಾಸನೆ, ನಡುವೆ ಒಂದು ನಿಟ್ಟುಸಿರು. ನನ್ನ ಕೈ ತುರಿಸುತ್ತಿದೆ. ಎದ್ದು ಹೋಗಿ ಉರಿ ಸಣ್ಣ ಮಾಡಿ ಬರಲು ಎಷ್ಟು ಹೊತ್ತು? ಈಗ ತಿಳಿಯುತ್ತಿದೆ, ಅವ್ವನಿಗೆ ಕಷ್ಟವಾದದ್ದು ಅಪ್ಪನನ್ನು ಗೆಲ್ಲುವುದಲ್ಲ, ಆ ಜಗಲಿಯ ಮೇಲೆ ಕೂತೇ ಇರುವುದು.

“ಸಾಸಿವೆ ಡಬ್ಬಿ ಎಲ್ಲೈತೇ?” ಎಂದು ಒಳಗಿನಿಂದ ಕೂಗು ಬರುತ್ತಿದೆ.

ಅದು ಎರಡನೇ ಸಾಲಿನಲ್ಲಿ, ಜೀರಿಗೆ ಡಬ್ಬಿಯ ಹಿಂದೆ ಇದೆ. ನಿಮಗೆ ಹೇಳಿದ್ದೇನೆ. ಅವರಿಗೆ ಹೇಳಿಲ್ಲ.